ವಾರದ ದಿನ ಇಟ್ಟ ಹಂಚು

ಮೇ 11, ಶನಿವಾರ, ಕೊಲ್ಹಾಪುರ

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಭಾಷಾಭಿಮಾನಕ್ಕಲ್ಲ. ನಾಳೆಯಿಂದ ಇಪ್ಪತ್ತೊಂದು ದಿನ ಜೊತೆಗಿರುವ ಮೂವರಿಗೂ ಕನ್ನಡ ಓದಲು ಬಾರದು, ಅದಕ್ಕೆ. ಏಳನೇ ಇಯತ್ತೆಯವರೆಗೆ ಗಡಹಿಂಗ್ಲಜ ಕಡೆಯ ಕನ್ನಡ ಶಾಲೆಯಲ್ಲಿ ಕಲಿತದ್ದು ಇಷ್ಟಕ್ಕಾದರೂ ಬರಲಿ.

ನಾನು ಹೋಗುತ್ತೇನೆ ಎಂದು ಹೇಳಿದವರು ಯಾರು? ಅಪ್ಪ. ನಮ್ಮ ಚರ್ಚಿನ ಸಭೆಯ ಬೇಸಿಗೆ ಸೇವಾ ತಂಡ ಈ ಸಲ ನೂಲ ಎಂಬ ಊರಿನ ಆಚೆ, ಕನ್ನಡ ಮಾತಾಡುವ ಕುರುಬರ ಊರಿಗೆ ಹೋಗುತ್ತದಂತೆ. ಎಲ್ಲರೂ ಕಾಲೇಜು ಮಕ್ಕಳು, ಎಲ್ಲರೂ ಮರಾಠಿಯವರು. ದುಭಾಷಿ ಬೇಕು ಎಂದ ಕೂಡಲೇ ಅಪ್ಪ ನನ್ನ ಹೆಸರು ಬರೆಸಿ ಮನೆಗೆ ಬಂದ. "ಅವ್ವಿ, ನಿನಗ ಕನ್ನಡ ಬರ್ತೈತಿ. ದೇವರು ಸುಮ್ನ ಕೊಟ್ಟಾನೇನ?" ಅಂದ. ಚರ್ಚಿನ ಗೇಟು ಕಾಯುವ ಭಾವುಸಾಹೇಬನ ಮಗಳು ಒಲ್ಲೆ ಅಂದರೆ ನಾಳೆ ಆ ಗೇಟಿನಲ್ಲಿ ಅಪ್ಪ ತಲೆ ಎತ್ತಿ ನಿಲ್ಲುವುದು ಹೇಗೆ? ಹೂಂ ಅಂದೆ.

ಒಂದು ಕಾಗದಕ್ಕೆ ಸಹಿ ಮಾಡಿಸಿಕೊಂಡಿದ್ದಾರೆ. ನಾಯಕನ ಅಪ್ಪಣೆಯಿಲ್ಲದೆ ಊರು ಬಿಡುವಂತಿಲ್ಲ. ಫೋನು ನಾಯಕನ ಹತ್ತಿರ, ಭಾನುವಾರ ಮಾತ್ರ ಕೈಗೆ. ಜೂನ್ ಒಂದಕ್ಕೆ ವಾಪಸು. ಜೂನ್ ಮೂರಕ್ಕೆ ಮಹಾದ್ವಾರ ರಸ್ತೆಯ ಬಟ್ಟೆ ಅಂಗಡಿಯಲ್ಲಿ ನನ್ನ ಕೆಲಸ ಶುರು. ನಾನೇ ಹೋಗಿ ಕೇಳಿ ಹಿಡಿದ ಕೆಲಸ ಅದು, ಯಾರೂ ಹೆಸರು ಬರೆಸಿದ್ದಲ್ಲ. ಅದನ್ನು ನೆನೆದುಕೊಂಡು ದಿನ ತಳ್ಳುತ್ತೇನೆ.

ಇನ್ನು ಇಪ್ಪತ್ತೊಂದು.

ಮೇ 12, ಭಾನುವಾರ

ಬಂದೆವು. ಊರು ಅಂದರೆ ಒಂದು ದೊಡ್ಡ ಓಣಿ, ಆಚೆ ಗೌಡರ ಹೊಲ, ಅದರಾಚೆ ಮಾಳ. ನನಗೂ ಇಚಲಕರಂಜಿಯ ಋತುಜಾಗೂ ನಾಗೂಬಾಯಿ ಎಂಬ ಮುದುಕಿಯ ಮನೆಗೆ ಅಂಟಿಕೊಂಡ ಒಂದು ಕೋಣೆ. ಅವಳ ಒಬ್ಬನೇ ಮಗ ಸಾತಪ್ಪ ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿದ್ದಾನೆ, ಆದ್ದರಿಂದ ಕೋಣೆ ಖಾಲಿ. ಗಂಡ ಮಲ್ಲಾರಿ ಅಜ್ಜ ಕುರಿಯ ಹಿಂದೆ ಇರುತ್ತಾನೆ. ನಾಯಕ ಕೇದಾರ ದಾದಾ ಮತ್ತು ಸ್ವಪ್ನಿಲ ಶಾಲೆಯ ವರಾಂಡದಲ್ಲಿ ಮಲಗುತ್ತಾರೆ, ಊಟಕ್ಕೆ ಇಲ್ಲಿಗೆ ಬರುತ್ತಾರೆ.

ನಾಗೂಬಾಯಿ ಕಂಬಳಿ ಹಾಸಿ ಕೂರಿಸಿ ನನ್ನನ್ನೇ ನೋಡಿದಳು. "ಯಾರ ಪೈಕಿ ನೀ?"

"ಕೊಲ್ಹಾಪುರದಾಕಿ ಆಜಿ."

"ಕೊಲ್ಹಾಪುರದವರಿಗೆ ಇಂಥಾ ಮಾತು ಎಲ್ಲಿಂದ ಬಂತು?"

ನಮ್ಮ ಅಜ್ಜಿ ಇಂದುಬಾಯಿ ಈ ಕಡೆಯವಳು, ಕುರುಬರವಳು ಎಂದು ಹೇಳಲಿಲ್ಲ. ಹೇಳಿದರೆ ಸಂಬಂಧ ಹುಡುಕುತ್ತಾ ಕೂರುತ್ತಾರೆ.

ಮೇ 13, ಸೋಮವಾರ

ಬೆಳಿಗ್ಗೆ ಮಕ್ಕಳಿಗೆ ಹಾಡು, ಕಥೆ. ಸಂಜೆ ಮನೆ ಭೇಟಿ. ಆಮೇಲೆ ವರದಿ: ಎಷ್ಟು ಮನೆ, ಎಷ್ಟು ಪ್ರಾರ್ಥನೆ, ಯಾರ ಮನಸ್ಸು ತೆರೆಯಿತು. ದಿನವಿಡೀ ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ದಾಟಿಸಿ ದಾಟಿಸಿ, ಸಂಜೆ ನೀರು ಕೇಳಲೂ ನನಗೆ ಬಾಯಿ ಬರಲಿಲ್ಲ.

ಕೆಟ್ಟದ್ದು ಇವತ್ತಿನ ಹಂಚಿಕೊಳ್ಳುವ ವೇಳೆ. ಎಲ್ಲರೂ ತಮ್ಮ ಮನೆತನದ ಸಾಕ್ಷಿ ಹೇಳಬೇಕು. ನನ್ನ ಸರದಿ ಬಂದಾಗ ಅಜ್ಜಿಯದನ್ನು ಹೇಳಿಬಿಟ್ಟೆ. ದೀಕ್ಷಾಸ್ನಾನವಾಗಿ ನಲವತ್ತು ವರ್ಷ ಕಳೆದ ಮೇಲೂ ಊರಲ್ಲಿ ರೋಗ ಬಾರದಿರಲೆಂದು ವಾರ ಹಿಡಿದಿದ್ದಾರೆ ಅಂತ ಗೊತ್ತಾದರೆ ಅಜ್ಜಿ ಕೊಲ್ಹಾಪುರದಲ್ಲಿ ಕೂತು ಒಲೆಯ ಮೇಲೆ ಹಂಚು ಇಡುತ್ತಿರಲಿಲ್ಲ. ರೊಟ್ಟಿ ಇಲ್ಲ, ಒಗ್ಗರಣೆ ಇಲ್ಲ, ದೀಪ ಹಚ್ಚುವವರೆಗೆ ಉಪವಾಸ. ಬೈಬಲ್ಲು ಮಾತ್ರ ದಿನಾ ಓದಿಸಿಕೊಳ್ಳುತ್ತಿದ್ದಳು. ಪ್ರೀತಿಯಿಂದ ಹೇಳಿದ್ದು ನಾನು. ಸ್ವಪ್ನಿಲ ನಕ್ಕ. ಕೇದಾರ ದಾದಾ ನಗಲಿಲ್ಲ, ಆದರೆ "ನೋಡಿ, ಹಳೆಯ ಭಯ ಎಷ್ಟು ಆಳಕ್ಕೆ ಹೋಗಿರುತ್ತದೆ. ಸ್ನೇಹಲ ಅದರಿಂದ ಹೊರಗೆ ಬಂದವಳು" ಎಂದು ನನಗಾಗಿ ಎಲ್ಲರಿಂದ ಪ್ರಾರ್ಥನೆ ಮಾಡಿಸಿದ.

ಕಣ್ಣು ಮುಚ್ಚಿಕೊಂಡು ನಾನೂ ಆಮೆನ್ ಅಂದೆ. ಅಜ್ಜಿಯ ಮೇಲೆ ಕಲ್ಲು ಎಸೆದ ಹಾಗಾಯಿತು.

ಇನ್ನು ಹತ್ತೊಂಬತ್ತು.

ಮೇ 15, ಬುಧವಾರ

ಪಕ್ಕದ ಊರಿನ ಕುರಿಗಳಿಗೆ ಬಾಯಿಬೇನೆ ಬಂದಿದೆ. ಇಲ್ಲಿಯ ಹಿರಿಯರು ಕೂಡಿ ವಾರ ಹಿಡಿಯಲು ತೀರ್ಮಾನಿಸಿದ್ದಾರೆ. ಈ ಶುಕ್ರವಾರದಿಂದ ಶುರು, ಮಂಗಳವಾರ ಶುಕ್ರವಾರ ಸೇರಿ ಐದು ವಾರ, ಮೂವತ್ತೊಂದಕ್ಕೆ ಮುಗಿಯುತ್ತದೆ. ಆ ದಿನಗಳಲ್ಲಿ ಹೊತ್ತು ಹುಟ್ಟಿದಾಗಿನಿಂದ ದೀಪ ಹಚ್ಚುವವರೆಗೆ ಯಾರೂ ಸೀಮೆ ದಾಟುವಂತಿಲ್ಲ, ಯಾವ ಒಲೆಯ ಮೇಲೂ ಹಂಚು ಏರುವಂತಿಲ್ಲ. ಅಜ್ಜಿ ಹೇಳುತ್ತಿದ್ದದ್ದು ಅಕ್ಷರಕ್ಕೆ ಅಕ್ಷರ ಇದೇ.

ನಾಗೂಬಾಯಿ ನನ್ನನ್ನು ಕರೆದು ಹೇಳಿದಳು. "ನಿಮ್ಮ ಮಂದೀಗೆ ಬಿಡಿಸಿ ಹೇಳವಾ. ಆ ಹುಡುಗಿ ಸಣ್ಣ ಗ್ಯಾಸಿನ ಮ್ಯಾಲ ಚಪಾತಿ ಮಾಡ್ತಾಳಲ್ಲ, ಅದೂ ಆಗೂದಿಲ್ಲ. ಅಂದು ಬಾಳೆಹಣ್ಣು ತಿನ್ರಿ, ಹಾಲು ಕುಡೀರಿ. ನಾ ಕೊಡ್ತೇನಿ."

"ಯಾರರ ಮುರದ್ರ ಏನ ಮಾಡ್ತಾರ ಆಜಿ?"

"ಏನ ಮಾಡ್ತಾರ, ಬಡೀತಾರೇನ? ಮುರದಾಕಿ ಮತ್ತ ಐದು ವಾರ ಹೆಚ್ಚಿಗಿ ಹಿಡೀಬೇಕು. ಅವು ಮುಗಿಯೂತನಕ ಯಾವತ್ತೂ ಸೀಮಿ ದಾಟೂ ಹಂಗಿಲ್ಲ, ಅಷ್ಟ." ಆಮೇಲೆ, "ನನಗ ಈ ಸಲ ಭಾಳ ಜ್ವಾಕಿ. ಜೂನ್ ಒಂದಕ್ಕ ಇಚಲಕರಂಜಿಗೆ ಹೋಗಬೇಕು. ಸೊಸಿಗೆ ಹಡಿಯಾಕ ಐದಕ್ಕೋ ಆರಕ್ಕೋ ದಿನಾ ಕೊಟ್ಟಾರ" ಅಂದಳು.

ಸೊಸೆ ನೂತನಳಿಗೆ ತಾಯಿ ಇಲ್ಲ. ಹೋದ ಸಲ ಒಬ್ಬಳೇ ದವಾಖಾನೆಗೆ ಹೋಗಿದ್ದಳಂತೆ. ಗಂಡ ಮಗ್ಗದ ಮೇಲಿದ್ದ, ನಾಗೂಬಾಯಿ ತಲುಪುವಷ್ಟರಲ್ಲಿ ಕೂಸು ಹೋಗಿತ್ತು. "ಈ ಸಲ ನಾ ಇರದ ಆಕಿ ದವಾಖಾನಿ ಪಾವಟಿಗಿ ಹತ್ತೂದಿಲ್ಲ ಅಂದಾಳ" ಎಂದಳು.

ಹೇಳುತ್ತೇನೆ ಅಂದೆ.

ಮೇ 16, ಗುರುವಾರ

ಅರ್ಧ ಹೇಳಿದೆ. ನಾಳೆ ಜನ ಮನೆಯಲ್ಲೇ ಇರುತ್ತಾರೆ, ಊರಾಚೆ ಹೋಗುವುದು ಬೇಡ ಎಂದೆ. ಕೇದಾರ ದಾದಾ ಸರಿ, ವಿಶ್ರಾಂತಿ ಅಂದ. ಹಂಚಿನ ಮಾತು ನಾಲಿಗೆಯವರೆಗೆ ಬಂತು. ಅಷ್ಟರಲ್ಲಿ ಸ್ವಪ್ನಿಲ, "ಯಾಕೆ, ನಿಮ್ಮ ಅಜ್ಜಿಯ ವಾರವೇನು?" ಎಂದು ನಕ್ಕ. ನುಂಗಿಕೊಂಡೆ. ಬೆಳಿಗ್ಗೆ ಋತುಜಾಗೆ ಒಬ್ಬಳಿಗೇ ಹೇಳಿದರಾಯಿತು.

ಮೇ 17, ಶುಕ್ರವಾರ

ಬೆಳಿಗ್ಗೆ ಹೇಳಲಿಲ್ಲ. ಎದ್ದು ನೋಡಿದಾಗ ಋತುಜಾ ಹಿಟ್ಟು ನಾದಿಕೊಂಡು ಕೂತಿದ್ದಳು. ಸ್ವಪ್ನಿಲನ ಹುಟ್ಟುಹಬ್ಬವಂತೆ, ಚಪಾತಿ ಮತ್ತು ಈರುಳ್ಳಿ ಹಾಕಿದ ತತ್ತಿ. ನಾನು ಬಾಗಿಲಲ್ಲಿ ನಿಂತಿದ್ದೆ. ಬೇಡ ಅನ್ನಲು ಒಂದು ಮಾತು ಸಾಕಿತ್ತು. ಅವಳು ಬಿಸಿ ಚಪಾತಿ ಮುರಿದು ನನ್ನ ಕೈಗಿಟ್ಟಳು. ತಿಂದೆ. ಇದನ್ನೂ ಬರೆದಿಡುತ್ತೇನೆ, ತಿಂದೆ.

ಇಡೀ ಓಣಿಯಲ್ಲಿ ಒಂದೂ ಒಲೆ ಉರಿಯದ ದಿನ ಈರುಳ್ಳಿಯ ವಾಸನೆ ಎಷ್ಟು ದೂರ ಹೋಗುತ್ತದೆ ಅಂತ ನನಗೆ ಇವತ್ತು ಗೊತ್ತಾಯಿತು. ನಾಗೂಬಾಯಿ ಬಂದಳು. ಒಮ್ಮೆ ನನ್ನ ಮುಖ ನೋಡಿದಳು. ಸೆರಗಿನಿಂದ ಆ ಕಾದ ಹಂಚನ್ನು ಹಿಡಿದೆತ್ತಿ, ಎರಡು ಚಪಾತಿ ಸಮೇತ ತನ್ನ ಮನೆಗೆ ಒಯ್ದಳು. ಗೋಡೆಯಾಚೆ ಅವಳ ಒಲೆಯ ಮೇಲೆ ಹಂಚು ಇಟ್ಟ ಸಪ್ಪಳ ಕೇಳಿತು. ಸ್ವಲ್ಪ ಹೊತ್ತಿಗೆ ಜನರ ಕಾಲ ಸಪ್ಪಳ. ಅವರ ನಡುವೆ ಊರ ಹಿರಿಯ ಭೀಮಗೊಂಡ ಕಾಕಾನ ದನಿ.

"ಯಾರು ಇಟ್ಟಾರ ಹಂಚು?"

"ನಾನ ಇಟ್ಟೇನ್ರಿ. ಹಸಿವು ತಡೀಲಿಲ್ಲ."

"ಎಪ್ಪತ್ತು ವರ್ಷದಾಕಿ ನೀ. ಇವತ್ತ ಹಸಿವು ತಡೀಲಿಲ್ಲಾ?"

"ಹೌದ್ರಿ."

ಮಲ್ಲಾರಿ ಅಜ್ಜನ ದನಿ ಕೇಳಲೇ ಇಲ್ಲ. ಅವನು ಅಲ್ಲೇ ಇದ್ದನಂತೆ.

ಋತುಜಾ ಕೇಳಿದಳು, ಆಜಿ ನಮ್ಮ ಹಂಚು ಯಾಕೆ ಒಯ್ದಳು? ಅವಳಿಗೆ ಬೇಕಿತ್ತಂತೆ ಎಂದೆ. ಕೇದಾರ ದಾದಾಗೆ ಖುಷಿಯೋ ಖುಷಿ. ವರದಿಯಲ್ಲಿ "ನೆರೆಮನೆಯವರು ಸಲಿಗೆಯಿಂದ ಪಾತ್ರೆ ಎರವಲು ಪಡೆಯುತ್ತಿದ್ದಾರೆ" ಎಂದು ಬರೆಸಿದ. ಬರೆದ ಕೈ ನನ್ನದೇ.

ಮೇ 18, ಶನಿವಾರ

ನಾಗೂಬಾಯಿಯ ಅಂಗೈ ಸುಟ್ಟಿದೆ. ಋತುಜಾ ಮುಲಾಮು ಹಚ್ಚಿದಳು. ಏನಾಯಿತು ಕೇಳು ಎಂದಳು. ಕೇಳಿದೆ.

"ಹಂಚು ಹತ್ತೇತಿ ಅಂತ ಹೇಳು" ಅಂದಳು ನಾಗೂಬಾಯಿ.

ಋತುಜಾ ಹೊರಗೆ ಹೋದ ಮೇಲೆ ನಾನು ಕೇಳಿದೆ, "ಯಾಕ ಹಂಗ ಹೇಳಿದ್ರಿ ಆಜಿ?"

"ನಮ್ಮ ಮನ್ಯಾಗ ಇಳದ ಮಂದಿ ತಪ್ಪ ಮಾಡಿದ್ರ ಅದು ಮನಿದ ತಪ್ಪ. ನಿಮ್ಮ ಹೆಸರು ಬಂದಿದ್ರ ಹುಡುಗ್ರು ಕಲ್ಲು ತಗೊಂಡು ಬರ್ತಿದ್ರು. ಈಗ ಕಾಲ ಚಲೋ ಇಲ್ಲ." ಆಮೇಲೆ ನನ್ನ ಕಡೆ ನೋಡದೆ, "ನೀ ಮರತಿರಬೇಕು ಬಿಡು. ಸಣ್ಣ ಹುಡುಗಿ" ಅಂದಳು.

ಮರೆತಿರಲಿಲ್ಲ ಎಂದು ಹೇಳಬೇಕಿತ್ತು.

ಲೆಕ್ಕ ಹಾಕಿದೆ. ಮೂವತ್ತೊಂದಕ್ಕೆ ಊರಿನ ವಾರ ಮುಗಿದ ಮೇಲೆ ಅವಳ ಹೆಚ್ಚಿನ ಐದು. ಜೂನ್ ನಾಲ್ಕು, ಏಳು, ಹನ್ನೊಂದು, ಹದಿನಾಲ್ಕು, ಹದಿನೆಂಟು. ನೂತನಳ ದಿನ ಐದು, ಆರು.

ಮೇ 19, ಭಾನುವಾರ

ಹತ್ತು ನಿಮಿಷ ಫೋನು ಸಿಕ್ಕಿತು. ಅಪ್ಪನಿಗೆ ಹೇಳಲು ಹೋದೆ. "ಎಲ್ಲಾರೂ ನಿನ್ನ ಹೆಸರು ತಗೊಂಡು ಪ್ರಾರ್ಥನಾ ಮಾಡಾಕತ್ತಾರವಾ" ಅಂದ. ಅಂದ ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ ಚೆನ್ನಾಗಿದ್ದೇನೆ ಎಂದು ಇಟ್ಟುಬಿಟ್ಟೆ.

ಮೇ 21, ಮಂಗಳವಾರ

ಗ್ಯಾಸ್ ಮುಗಿದಿದೆ ಎಂದು ಸುಳ್ಳು ಹೇಳಿದೆ. ನಾಲ್ವರೂ ಬಾಳೆಹಣ್ಣು ತಿಂದೆವು. ಸ್ವಪ್ನಿಲ ಇಡೀ ದಿನ ಗೊಣಗಿದ.

ಮೇ 22, ಬುಧವಾರ

ವಾರ ಮುರಿದಳೆಂದು ಮಲ್ಲಾರಿ ಅಜ್ಜ ಆರು ದಿನದಿಂದ ಹೆಂಡತಿಯ ಕೈಯ ರೊಟ್ಟಿ ತಿಂದಿಲ್ಲ. ಮಾಳದಲ್ಲಿ ಯಾರದೋ ಬುತ್ತಿ ಹಂಚಿಕೊಳ್ಳುತ್ತಾನಂತೆ. ಸಂಜೆ ಕುರಿ ಹೊಡೆದುಕೊಂಡು ಬಂದು ಕಟ್ಟೆಯ ಮೇಲೆ ಕೂರುತ್ತಾನೆ, ಅವಳು ಒಳಗೆ ಕೂರುತ್ತಾಳೆ. ಗೋಡೆಯ ಈಚೆ ನಾನು ಕೂರುತ್ತೇನೆ.

ಓಡಿಹೋಗೋಣ ಅಂದರೆ ಕಾಗದದ ಮೇಲೆ ಸಹಿ ಇದೆ. ಹೇಳೋಣ ಅಂದರೆ ಈ ಮೂವರ ಮೇಲೆ ಊರು ತಿರುಗಿಬಿದ್ದೀತೆಂಬ ಹೆದರಿಕೆ. ಸುಮ್ಮನಿರೋಣ ಅಂದರೆ ಆ ಮುದುಕಿ ದಿನಾ ಹಾಲು ತಂದುಕೊಡುತ್ತಾಳೆ.

ಮೇ 25, ಶನಿವಾರ

ಸಂಜೆ ಪ್ರಾರ್ಥನೆಗೆ ನಾಗೂಬಾಯಿ ಬಂದು ಬಾಗಿಲ ಹತ್ತಿರ ಕೂತಳು. ಮನೆಯಲ್ಲಿ ಮಾತಾಡುವವರಿಲ್ಲ, ಅದಕ್ಕೆ ಬರುತ್ತಾಳೆ. ನಡುವೆ ಅವಳ ಕಣ್ಣಲ್ಲಿ ನೀರು ಬಂತು. ಕೇದಾರ ದಾದಾ ಮೆಲ್ಲಗೆ, "ಯಾಕೆ ಅಳುತ್ತಿದ್ದಾಳೆ ಕೇಳು" ಅಂದ.

"ನೂತನ ಫೋನ್ ಮಾಡಿದ್ಲು. ಯಾವಾಗ ಬರ್ತಿ ಅತ್ತಿ ಅಂತ ಕೇಳಿದ್ಲು. ನಾ ಏನ ಹೇಳ್ಲಿ?" ಎಂದಳು.

"ಮನಸ್ಸು ಭಾರವಾಗಿದೆಯಂತೆ" ಎಂದು ದಾಟಿಸಿದೆ. ಕೇದಾರ ದಾದಾನ ಕಣ್ಣೂ ಒದ್ದೆಯಾಯಿತು. ಅವನು ಒಳ್ಳೆಯವನು, ಅದೇ ತೊಂದರೆ. ದೇವರ ವಚನ ಅವಳನ್ನು ಮುಟ್ಟಿದೆ ಎಂದು ತಿಳಿದುಕೊಂಡ. ಕೊಲ್ಹಾಪುರಕ್ಕೆ ಹೋದ ಮೇಲೆ ಈ ಅಜ್ಜಿಯ ಕಣ್ಣೀರಿನ ಬಗ್ಗೆ ನಾನೇ ಸಭೆಯಲ್ಲಿ ಸಾಕ್ಷಿ ಹೇಳಬೇಕಂತೆ.

ಹೋಗುವಾಗ ನಾಗೂಬಾಯಿ ಒಂದು ಗಂಟು ಕೊಟ್ಟಳು. ಅಂಟಿನುಂಡೆ, ಕೂಸಿಗೆ ಹೊಲಿದ ಕುಂಚಿಗೆ, ಮರಿಯ ಉಣ್ಣೆಯ ಅಂಗೈಯಗಲದ ಕಂಬಳಿ. "ನಿಮ್ಮ ಜೀಪು ಆ ಹುಡುಗೀನ ಬಿಡಾಕ ಇಚಲಕರಂಜಿಗೆ ಹೋಗ್ತೈತಲ್ಲ. ನೂತನಗ ಮುಟ್ಟಿಸು. ಅತ್ತಿ ಹದಿನೆಂಟಕ್ಕ ಬರ್ತಾಳ ಅಂತ ಹೇಳು, ಗಟ್ಟಿ ಇರು ಅಂತ ಹೇಳು."

ಅವಳಿಗೆ ನಾನು ಏನನ್ನೂ ಮುಟ್ಟಿಸುವವಳಲ್ಲ ಎಂದು ಇನ್ನೂ ಗೊತ್ತಾಗಿಲ್ಲವೇ? ಗಂಟು ತಲೆದೆಸೆಯಲ್ಲಿದೆ. ಉಣ್ಣೆಯ ವಾಸನೆ ಅಜ್ಜಿಯ ಟ್ರಂಕಿನ ವಾಸನೆಯೇ.

ಮೇ 28, ಮಂಗಳವಾರ

ಶುಕ್ರವಾರದ ಹಾಗೆ ಇವತ್ತೂ ಗ್ಯಾಸ್ ಮುಗಿದಿದೆ ಅಂದೆ. ಋತುಜಾ ಸಿಲಿಂಡರ್ ಎತ್ತಿ ನೋಡಿದಳು, ತುಂಬಿತ್ತು. "ಏನು ವಿಷಯ?" ಎಂದು ಕೇಳಿದಳು. ಎಲ್ಲಾ ಹೇಳಿದೆ. ಸಿಲಿಂಡರ್ ಕೆಳಗಿಟ್ಟು, "ಹಿಟ್ಟು ನಾದಿದ್ದು ನಾನು. ನಾನೇ ಹೇಳುತ್ತೇನೆ" ಅಂದಳು.

"ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು" ಎಂದೆ. ಹೇಳಿದ ಮೇಲೆ, ಇಷ್ಟು ದಿನ ನಾನು ಹೆದರಿದ್ದು ಯಾವ ವಾಕ್ಯಕ್ಕೆ ಅಂತ ತಿಳಿಯಿತು. ಊರಿನ ಕಲ್ಲಿಗೂ ಹೆದರಿದ್ದೆ, ಸುಳ್ಳಲ್ಲ. ಅದಕ್ಕಿಂತ ಹೆಚ್ಚು ಹೆದರಿದ್ದು ಈ ವಾಕ್ಯಕ್ಕೆ.

ಮೇ 31, ಶುಕ್ರವಾರ

ದೀಪ ಹಚ್ಚಿದ ಕೂಡಲೇ ಭೀಮಗೊಂಡ ಕಾಕಾನ ಕಟ್ಟೆಯ ಹತ್ತಿರ ಎಲ್ಲರೂ ಕೂಡಿದರು. ವಾರ ಬಿಡುವ ಹೊತ್ತು. ಬೀಳ್ಕೊಡುವ ಮಾತು ಹೇಳಲು ಕೇದಾರ ದಾದಾನೂ ನಮ್ಮನ್ನು ಕರೆದುಕೊಂಡು ಬಂದಿದ್ದ. ಅವನು ಮರಾಠಿಯಲ್ಲಿ ಊರಿಗೆಲ್ಲ ಉಪಕಾರ ಹೇಳಿ ನನ್ನ ಕಡೆ ನೋಡಿದ. ಕನ್ನಡದಲ್ಲಿ ಹೇಳು ಅಂತ.

"ಕಾಕಾ, ಅವತ್ತ ಹಂಚು ಇಟ್ಟಾಕಿ ನಾಗೂಬಾಯಿ ಆಜಿ ಅಲ್ರಿ" ಎಂದೆ. "ನಮ್ಮ ಕೋಣ್ಯಾಗ ಇಟ್ಟಿದ್ವಿ. ಆಜಿ ನಮ್ಮ ಸಲುವಾಗಿ ತನ್ನ ಒಲಿ ಮ್ಯಾಲ ತಂದ ಇಟ್ಕೊಂಡ್ಲು. ಕೈ ಸುಟ್ಟಿದ್ದು ಅದಕ್ಕ."

ಕೇದಾರ ದಾದಾ "ಕಾಯ್ ಸಾಂಗ್ತೇಸ್?" ಎಂದು ಪಿಸುಗುಟ್ಟಿದ. ನಾನು ಏನು ಹೇಳುತ್ತಿದ್ದೇನೆ ಅಂತ. ಇಪ್ಪತ್ತು ದಿನದಲ್ಲಿ ಮೊದಲ ಸಲ ನಾನು ದಾಟಿಸಲಿಲ್ಲ.

"ಪರಊರ ಮಂದಿ, ತಿಳೀಲಿಲ್ಲ" ಅಂದ ಭೀಮಗೊಂಡ ಕಾಕಾ. "ಹೇಳಿದವರ ಇಲ್ಲಂದ್ರ ಅವರಿಗೆ ಹೆಂಗ ಗೊತ್ತಾಗಬೇಕು?"

ಅವನು ಬಾಗಿಲು ತೆರೆದು ಕೊಟ್ಟಿದ್ದ. ಹೌದ್ರಿ ಎಂದು ಹೊರಗೆ ಹೋಗಬಹುದಿತ್ತು.

"ಆಜಿ ಹೇಳಿದ್ಲು. ನನಗ ಹೇಳಿದ್ಲು. ನಾ ಇವರಿಗೆ ಹೇಳಲಿಲ್ಲ. ನಮ್ಮ ಅಜ್ಜಿ ಇಂದುಬಾಯಿ ಈ ಕಡೆದಾಕಿನ ರೀ. ವಾರ ಅಂದ್ರ ಏನು ನನಗ ಗೊತ್ತೈತಿ. ಗೊತ್ತಿದ್ದು ನಾನೂ ತಿಂದೆ."

ಹಿಂದಿನಿಂದ ಯಾರೋ ಒಬ್ಬ ಎದ್ದು ನಿಂತು ಏನೋ ಬೈದ. ಭೀಮಗೊಂಡ ಕಾಕಾ ಕೈ ಎತ್ತಿದ, ಅವನು ಕೂತ. ಹಿರಿಯರು ತಮ್ಮತಮ್ಮಲ್ಲಿ ಬಹಳ ಹೊತ್ತು ಮಾತಾಡಿದರು. ಕೊನೆಗೆ ಕಾಕಾ ಬೇಸರದಿಂದಲೇ ಹೇಳಿದ. "ಹಂಗಾದ್ರ ಆ ಐದು ವಾರ ನಾಗೂಬಾಯಿಯವಲ್ಲ. ನಿನ್ನವು. ನಿನ್ನ ಮ್ಯಾಲ ಜೋರು ಮಾಡೂದಿಲ್ಲ ತಂಗಿ, ನೀ ಬ್ಯಾರೆ ದೇವರ ಮಂದಿ. ನಾಳೆ ಹೊಂಟೀದಿ. ನೀ ಹೋದ್ರ ಅವು ಯಾರೂ ಹಿಡೀದ ವಾರ ಆಗಿ ಊರ ಮ್ಯಾಲ ಉಳೀತಾವು. ಯಾರರ ಮನ್ಯಾಕಿ ಹಿಡೀಬೇಕಾಕ್ಕೈತಿ."

ಯಾರು ಹಿಡಿಯುತ್ತಾಳೆ ಎಂದು ಕಟ್ಟೆಯ ಮೇಲಿದ್ದ ಎಲ್ಲರಿಗೂ ಗೊತ್ತಿತ್ತು. ನಾಗೂಬಾಯಿ ಆಗಲೇ ಮೊಣಕಾಲಿಗೆ ಕೈ ಊರಿ ಏಳುತ್ತಿದ್ದಳು.

"ನಾ ಹಿಡೀತೇನ್ರಿ" ಎಂದೆ.

ಜೂನ್ 1, ಶನಿವಾರ

ಬೆಳಿಗ್ಗೆ ಕೇದಾರ ದಾದಾ ಸಿಟ್ಟಿನಿಂದಲ್ಲ, ನೋವಿನಿಂದ ಕೇಳಿದ. ಇಲ್ಲಿ ಬಾಗಿಲಿಗೆ ಚಿಲಕವಿಲ್ಲ, ಯಾರೂ ತಡೆಯುತ್ತಿಲ್ಲ, ಹಂಚಿನಿಂದ ರೋಗ ಬರುತ್ತದೆ ಎಂದು ನಂಬುತ್ತೀಯಾ? ನಂಬುವುದಿಲ್ಲ ಎಂದೆ. ಮತ್ತೆ ಯಾಕೆ? ನಾನು ತಿಂದದ್ದನ್ನು ಅವಳು ಹೊತ್ತುಕೊಂಡಿದ್ದಾಳೆ ದಾದಾ, ಅದನ್ನು ಇಳಿಸಿಕೊಳ್ಳಬೇಕು. ದಿನಾ ಬೈಬಲ್ಲು ಓದುವ ನಿನಗೆ ಇದು ಗೊತ್ತಿಲ್ಲದ ಪಾಠವೇನಲ್ಲ, ಎಂದೆ. ಸ್ವಪ್ನಿಲ ಮೂಲೆಯಿಂದ, "ಸೀಮೆ ದಾಟಬಾರದು, ಒಳಗೆ ಬರಬಾರದು. ಇದು ಕ್ವಾರಂಟೈನೇ ಅಲ್ಲವಾ?" ಅಂದ. ಯಾರೂ ನಗಲಿಲ್ಲ.

ಅಪ್ಪನಿಗೆ ಫೋನು ಮಾಡಿ ಎಲ್ಲಾ ಹೇಳಿದೆ. ಅಪ್ಪ, "ನಮ್ಮವ್ವ ಇದ್ದಿದ್ರ ನಿನ್ನ ಜೊತಿ ಬಂದ ಕೂಡತಿದ್ಲು" ಅಂದ. ಚರ್ಚಿನಲ್ಲಿ ಏನು ಹೇಳುತ್ತೀ ಎಂದು ನಾನು ಕೇಳಲಿಲ್ಲ. ಬಟ್ಟೆ ಅಂಗಡಿಗೂ ಫೋನು ಮಾಡಿದೆ. ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಅಂದರು. ಕೋಣೆಗೆ ಬಂದು ಸ್ವಲ್ಪ ಅತ್ತೆ.

ಜೀಪಿನಲ್ಲಿ ನನ್ನ ಜಾಗ ಖಾಲಿಯಿತ್ತು. ಕೇದಾರ ದಾದಾ ಮುಂದಿನ ಸೀಟಿನಿಂದ ಇಳಿದು ನಾಗೂಬಾಯಿಯನ್ನು ಕೈ ಹಿಡಿದು ಅಲ್ಲಿ ಕೂರಿಸಿ, ತಾನು ಹಿಂದೆ ಚೀಲಗಳ ನಡುವೆ ಕೂತ. ಗಂಟನ್ನು ಅವಳ ತೊಡೆಯ ಮೇಲೆ ಇಟ್ಟೆ. ಅವಳು ಸುಟ್ಟ ಅಂಗೈಯನ್ನು ನನ್ನ ಕೆನ್ನೆಗೆ ಒತ್ತಿದಳು.

"ಮಲ್ಲಾರಿಗೆ ರೊಟ್ಟಿ ದಪ್ಪ ಆದ್ರ ಸೇರೂದಿಲ್ಲ" ಅಂದಳು.

ಅಷ್ಟರಲ್ಲಿ ಮಲ್ಲಾರಿ ಅಜ್ಜ ಕುರಿ ಬಿಟ್ಟು ಓಡುತ್ತ ಬಂದ. ಹದಿನೈದು ದಿನದ ಮೇಲೆ ಹೆಂಡತಿಯ ಮುಖ ನೋಡಿ, "ಬುತ್ತಿ ಏನ ಕಟ್ಕೊಂಡಿ?" ಎಂದು ಕೇಳಿದ. ಅವಳು ಗಂಟು ಬಿಚ್ಚಿ ಒಂದು ಉಂಡೆ ಕೊಟ್ಟಳು. ಅವನು ಅಲ್ಲೇ ನಿಂತು ತಿಂದ. ಜೀಪು ಸೀಮೆಯ ಕಲ್ಲು ದಾಟಿ ಹೋಯಿತು. ನಾವಿಬ್ಬರೂ ಕಲ್ಲಿನ ಈಚೆ ನಿಂತಿದ್ದೆವು.

ಜೂನ್ 4, ಮಂಗಳವಾರ

ವಾರ. ಮಳೆ ಬಂತು. ಕುರಿಗಳನ್ನು ಒಳಗೆ ಕಟ್ಟುವುದರಲ್ಲೇ ಹೊತ್ತು ಹೋಯಿತು.

ಜೂನ್ 7, ಶುಕ್ರವಾರ

ಇವತ್ತೂ ವಾರ. ಹಿಡಿಯಬೇಕಾದವಳು ನಾನೊಬ್ಬಳೇ. ಆದರೆ ಮಲ್ಲಾರಿ ಅಜ್ಜ ಬೆಳಿಗ್ಗೆಯಿಂದ ಹಾಲು ಬಿಟ್ಟರೆ ಏನೂ ಮುಟ್ಟಿಲ್ಲ. ಕೇಳಿದರೆ, "ನಿನ್ನ ರೊಟ್ಟಿ ದಪ್ಪ ಇರ್ತಾವ. ಉಪಾಸ ಇರೂದ ಚಲೋ" ಎನ್ನುತ್ತಾನೆ.

ಮಧ್ಯಾಹ್ನ ನನ್ನ ಫೋನಿಗೆ ಕರೆ ಬಂತು. ಇಚಲಕರಂಜಿ ದವಾಖಾನೆಯಿಂದ ನಾಗೂಬಾಯಿ. "ಹೆಣ್ಣ ಕೂಸು. ಪಾವಟಿಗಿ ಹತ್ತುವಾಗ ನನ್ನ ಕೈ ಬಿಡಲಿಲ್ಲವಾ ಆಕಿ, ಸುಟ್ಟ ಕೈನ ಹಿಡದಿದ್ಲು" ಎಂದು ನಕ್ಕಳು, ಅತ್ತಳು. ಆಮೇಲೆ ಫೋನನ್ನು ಕೂಸಿನ ಬಾಯಿಯ ಹತ್ತಿರ ಹಿಡಿದಳು. ಜೋರಾಗಿ ಅಳುತ್ತಿತ್ತು. ನಾನು ಸ್ಪೀಕರ್ ಹಾಕಿ ಮಲ್ಲಾರಿ ಅಜ್ಜನ ಮುಂದೆ ಹಿಡಿದೆ. ಅವನು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದ. ನಾನು ಯಾರಿಗೂ ಏನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಓಣಿಯಲ್ಲಿ ದೀಪ ಹಚ್ಚಿದರು. ಹಿಟ್ಟು ನಾದಿ ಇಟ್ಟಿದ್ದೇನೆ. ಹಂಚು ಇಡಲು ಏಳಬೇಕು, ನಮಗಿಬ್ಬರಿಗೂ ಹಸಿವಾಗಿದೆ.